ಗೀಸರಿನ ಬಾಯಿಗೆ ಬಡಿದ ಬೇವಿನ ಕಡ್ಡಿ

ನೀರು ತೊಟ್ಟಿಕ್ಕುವ ಸದ್ದು ನನಗೆ ಆಗಿಬರುವುದಿಲ್ಲ. ಮದುವೆ ಮನೆಯಲ್ಲಿ ಎಲೆಯ ಮುಂದೆ ಕುಳಿತಿದ್ದಾಗಲೂ ಹಿತ್ತಲಿನಲ್ಲಿ ಎಲ್ಲೋ ನಳ ಸೋರುವುದು ಕೇಳಿದರೆ ಎದ್ದು ಹೋಗಿ ಬಿಗಿಯಾಗಿ ತಿರುವಿ ಬರುತ್ತೇನೆ. ನೀರು ಬಂದ ದಿನ ಕೊಡ, ಬಕೆಟ್ಟು, ಕೊನೆಗೆ ಒಗ್ಗರಣೆಯ ಬೋಗುಣಿಯವರೆಗೂ ತುಂಬಿಡುವ ಮನೆಯಲ್ಲಿ ಬೆಳೆದವಳು ನಾನು. ಈಗ ಕೊಟ್ಟೂರಿನ ನಮ್ಮ ಮನೆಗೆ ಬೋರಿನ ನೀರಿದೆ, ಮಾಳಿಗೆಯ ಮೇಲೆ ಟ್ಯಾಂಕು ಇದೆ. ಆದರೂ ಬುದ್ಧಿ ಹೋಗಿಲ್ಲ. ಅಕ್ಕಿ ತೊಳೆದ ನೀರು ಗಿಡಕ್ಕೆ, ಬಟ್ಟೆ ಜಾಲಿಸಿದ ನೀರು ಅಂಗಳಕ್ಕೆ. ಬಂದ ಬೀಗರು ಕೈತೊಳೆಯುವಾಗ ನಳದ ಹತ್ತಿರ ನಾನು ಕಾವಲು ನಿಂತಿರುತ್ತೇನೆ ಎಂದು ನನ್ನ ಯಜಮಾನರು ಎಲ್ಲರೆದುರು ಆಡಿಕೊಳ್ಳುತ್ತಾರೆ.

ನನ್ನ ಇನ್ನೊಂದು ಗುಣ ಹೆದರಿಕೆ. ಕುಕ್ಕರಿನ ಸೀಟಿ ಎದ್ದರೆ ಅಡುಗೆಮನೆಯ ಹೊಸ್ತಿಲಿನಾಚೆ ನಿಲ್ಲುತ್ತೇನೆ. ಕಾಲಲ್ಲಿ ಚಪ್ಪಲಿ ಇಲ್ಲದೆ ಸ್ವಿಚ್ಚು ಮುಟ್ಟುವುದಿಲ್ಲ. ಗುಡುಗಿದರೆ ಟಿವಿಯ ವೈರು ಕಿತ್ತಿಡುತ್ತೇನೆ. ಇಷ್ಟೆಲ್ಲಕ್ಕೆ ಹೆದರುವವಳು, ಯಾವುದಕ್ಕೆ ಹೆದರಬೇಕಿತ್ತೋ ಅದಕ್ಕೆ ಮಾತ್ರ ಹೆದರಲಿಲ್ಲ.

ಹರಪನಹಳ್ಳಿಗೆ ಕೊಟ್ಟ ಮಗಳು ಚೊಚ್ಚಲ ಹೆರಿಗೆಗೆ ಮನೆಗೆ ಬಂದಿದ್ದಳು. ಅಲ್ಲಿಯವರೆಗೆ ನಮ್ಮ ಬಚ್ಚಲಿನಲ್ಲಿ ಇದ್ದದ್ದು ತಾಮ್ರದ ಹಂಡೆ, ಕೆಳಗೆ ಒಲೆ. ಹೊಗೆ ಕೂಸಿಗೆ ಆಗುವುದಿಲ್ಲ ಎಂದು ಯಜಮಾನರು ಹದಿನೈದು ಲೀಟರಿನ ಗೀಸರು ತಂದು ಗೋಡೆಗೆ ಹಾಕಿಸಿದರು. ಹಾಕಿಸಿ, ಎಂದಿನಂತೆ ಸೋಮವಾರ ಬೆಳಗಿನ ಬಸ್ಸಿಗೆ ಹಡಗಲಿಗೆ ಹೊರಟುಹೋದರು. ಅವರ ಕೆಲಸ ಅಲ್ಲಿ. ಶನಿವಾರ ಬಂದರೆ ಬಂದರು. ವಾರದ ಉಳಿದ ದಿನ ಈ ಮನೆಗೆ ಇಂಜಿನಿಯರು, ಪ್ಲಂಬರು ಎಲ್ಲ ನಾನೇ.

ಮಗಳಿಗೆ ಗಂಡು ಮಗು ಆಯಿತು. ನಮ್ಮಲ್ಲಿ ಬಾಣಂತಿಗೆ ನೀರೆರೆಯುವುದು ಎಂದರೆ ಎರಡು ತಂಬಿಗೆ ಸುರಿದು ಕಳಿಸುವ ಕೆಲಸವಲ್ಲ. ಎಣ್ಣೆ ತೀಡಿ, ಮೊದಲು ಕೂಸಿಗೆ ಎರೆದು, ಆಮೇಲೆ ತಾಯಿಯ ಬೆನ್ನು ಸೊಂಟಕ್ಕೆ ಮೈ ಕೆಂಪಾಗುವಷ್ಟು ಬಿಸಿನೀರು ಬಿಟ್ಟೂ ಬಿಡದೆ ಸುರಿಯಬೇಕು. ಅದಕ್ಕೇ ಪಳಗಿದವರಿರುತ್ತಾರೆ. ನಮಗೆ ಸಿಕ್ಕವಳು ಗುಡೇಕೋಟೆ ಕಡೆಯ ಒಬ್ಬ ಅಜ್ಜಿ. ಬಾಯಿ ಜೋರು, ಕೈ ಮಾತ್ರ ಬೆಣ್ಣೆ. ನನ್ನ ಮಗಳಿಗೇ ಹಿಂದೆ ನೀರೆರೆದ ಕೈ ಅದು.

ಮೊದಲ ದಿನವೇ ಅಜ್ಜಿಗೂ ಗೀಸರಿಗೂ ಜಗಳ ಹತ್ತಿತು. ಗೀಸರಿನ ಅಡಿಯಲ್ಲಿ, ತಣ್ಣೀರಿನ ಪೈಪು ಒಳಗೆ ಹೋಗುವ ಜಾಗದಲ್ಲಿ, ಹಿತ್ತಾಳೆಯ ಒಂದು ಸಣ್ಣ ವಾಲ್ವು ಇದೆ. ಅದಕ್ಕೆ ಕಿರುಬೆರಳು ತೂರುವಷ್ಟು ಬಾಯಿ. ಗೀಸರು ಕಾಯಲು ಶುರುವಾದರೆ ಆ ಬಾಯಿಯಿಂದ ಹನಿ ಬೀಳುತ್ತಿತ್ತು, ಅದೂ ನೇರ ಅಜ್ಜಿಯ ಬೆನ್ನ ಮೇಲೆ.

“ಹೊಸಾ ಸಾಮಾನು ಅಂತೀರಿ, ಮದ್ಲ ದಿನಾನ ಸೋರಾಕತ್ತೈತಲ್ಲಬೇ” ಅಂದಳು ಅಜ್ಜಿ.

ನನಗೂ ಅದೇ ಸಂಕಟ. ಕೆಳಗೆ ಮಗ್ಗು ಇಟ್ಟು ನೋಡಿದೆ. ಒಂದು ಸಲ ಕಾಯಿಸಿದರೆ ಅರ್ಧ ಲೋಟ ನೀರು. ತಿಂಗಳಿಗೆ ಎಷ್ಟಾಯಿತು ಎಂದು ಲೆಕ್ಕ ಹಾಕಿ ಹೊಟ್ಟೆ ಉರಿಸಿಕೊಂಡೆ. ಐದನೆಯ ದಿನ ಮಗಳು ಮಲಗಿದ್ದಾಗ ಬಚ್ಚಲಿಗೆ ಸ್ಟೂಲು ಒಯ್ದೆ. ಬೇವಿನ ಕಡ್ಡಿಯೊಂದನ್ನು ಚೂಪಾಗಿ ಕೆತ್ತಿ, ದಾರ ಸುತ್ತಿ, ಆ ಬಾಯಿಗೆ ತುರುಕಿ, ಕುಟ್ಟಾಣಿಯ ಗುಂಡಿನಿಂದ ನಾಲ್ಕು ಬಡಿದೆ. ಮೇಲೆ ಪೈಪಿಗೆ ಮೆತ್ತುವ ಅಂಟಿನ ಮುದ್ದೆ ಒತ್ತಿದೆ. ಮರುದಿನ ಒಂದು ಹನಿಯೂ ಬೀಳಲಿಲ್ಲ. ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಯಾರಿಗೂ ಹೇಳಲಿಲ್ಲ, ಹೇಳುವಂಥ ದೊಡ್ಡ ಕೆಲಸ ಎಂದು ಅನಿಸಿರಲೂ ಇಲ್ಲ.

ಅಜ್ಜಿಯ ತಕರಾರು ಮುಗಿಯಲಿಲ್ಲ. ನೀರು ಸಾಕಷ್ಟು ಬಿಸಿಯಾಗುವ ಮೊದಲೇ ಗೀಸರು ತಾನಾಗಿ ಆರುತ್ತದೆ ಎಂಬುದು ಹೊಸ ದೂರು.

“ಬಾಣಂತಿ ಬೆನ್ನಿಗೆ ನೀರು ಚುರುಕ್ ಅನ್ನಬೇಕು. ಈ ಉಗುರುಬೆಚ್ಚಗಿನ ನೀರಾಗ ನಾಳೆ ಸೊಂಟ ಹಿಡಕೊಂಡ್ರ ನನ್ನ ಹೆಸರು ಹೇಳಬ್ಯಾಡ್ರಿ.”

ಫ್ಯಾನು ರಿಪೇರಿಗೆ ಬಂದಿದ್ದ ಕರೆಂಟಿನವನಿಗೆ ಹೇಳಿದೆ. ಅವನು ಗೀಸರಿನ ಕೆಳಗಿನ ಮುಚ್ಚಳ ಬಿಚ್ಚಿ, ಬಿಸಿ ಹೆಚ್ಚಾದಾಗ ಕರೆಂಟು ಕಡಿಯುವ ಥರ್ಮೋಸ್ಟಾಟನ್ನೂ ಅದು ಕೈಕೊಟ್ಟರೆ ಕರೆಂಟು ತಡೆಯುವ ಪಕ್ಕದ ಕಟೌಟನ್ನೂ ತಪ್ಪಿಸಿ ವೈರು ಸೇರಿಸಿದ. ಹೀಗೆ ಮಾಡುವುದಕ್ಕೆ ನಮ್ಮ ಕಡೆ ಡೈರೆಕ್ಟ್ ಮಾಡುವುದು ಎನ್ನುತ್ತಾರೆ. ಮೋಟರಿನಿಂದ ಹಿಡಿದು ಫ್ರಿಜ್ಜಿನವರೆಗೆ ಏನು ಕೈಕೊಟ್ಟರೂ ನಮಗೆ ಗೊತ್ತಿರುವ ಮದ್ದು ಅದೊಂದೇ.

“ಇನ್ನ ಇದು ತಾನಾಗಿ ಆಫ್ ಆಗಂಗಿಲ್ಲರಿ. ನೀವ ಟೈಮ್ ನೋಡಿ ಆಫ್ ಮಾಡ್ಬೇಕು” ಅಂದ.

ಹೆದರುಪುಕ್ಕಲಿಯಾದ ನಾನು ಅದನ್ನು ಚಾಚೂ ತಪ್ಪದೆ ಪಾಲಿಸಿದೆ. ಸ್ವಿಚ್ಚು ಹಾಕಿ ಗಡಿಯಾರದ ಕೆಳಗೇ ನಿಲ್ಲುತ್ತಿದ್ದೆ. ಇಪ್ಪತ್ತೈದು ನಿಮಿಷಕ್ಕೆ ಸರಿಯಾಗಿ ಆರಿಸುತ್ತಿದ್ದೆ. ನೀರು ಕೊತಕೊತ ಎನ್ನುವಷ್ಟು ಬಿಸಿ ಬರುತ್ತಿತ್ತು. ಅಜ್ಜಿಯ ಬಾಯಿ ಮುಚ್ಚಿತು.

ಕೂಸಿಗೆ ಹದಿನಾರು ದಿನ ತುಂಬಿದ ಬೆಳಿಗ್ಗೆ ನೋಡಿದರೆ ಬೇವಿನ ಕಡ್ಡಿಯ ಸುತ್ತ ಬೆವರಿನಂತೆ ನೀರು ಜಿನುಗುತ್ತಿತ್ತು. ಮುದ್ದೆ ಬಿರುಕು ಬಿಟ್ಟಿತ್ತು. ನನ್ನ ಕೈಕೆಲಸಕ್ಕೆ ಅವಮಾನ ಆದಂತಾಯಿತು. ಇನ್ನು ಕಡ್ಡಿಯ ಸಹವಾಸ ಬೇಡ, ಹಿತ್ತಾಳೆಯದೇ ಒಂದು ಮುಚ್ಚಳ ತಂದು ತಿರುಪಿಬಿಡೋಣ ಎಂದುಕೊಂಡೆ. ಗೀಸರಿನ ಸ್ವಿಚ್ಚು ಹಾಕಿ ಮಗಳ ಕೋಣೆಗೆ ಹೋದೆ. ಅವಳು ಗೋಡೆಗೆ ಒರಗಿ ಕೂಸಿಗೆ ಹಾಲು ಕೊಡುತ್ತಿದ್ದಳು.

“ಪ್ಯಾಟಿಗೆ ಹೋಗಿ ಬರ್ತೀನವ್ವ. ಗಡಿಯಾರ ನೋಡಿ ಗೀಸರ್ ಆರಿಸು, ಮರೀಬ್ಯಾಡ” ಅಂದೆ.

ಅವಳು ಕಣ್ಣು ಮುಚ್ಚಿಕೊಂಡೇ ಹೂಂ ಅಂದಳು. ರಾತ್ರಿಯೆಲ್ಲ ಕೂಸು ನಿದ್ದೆ ಕೊಟ್ಟಿರಲಿಲ್ಲ. ಆ ಹೂಂ ನಿದ್ದೆಗಣ್ಣಿನದು ಎಂದು ಹೆತ್ತವಳಿಗೆ ತಿಳಿಯಬೇಕಿತ್ತು. ತಿಳಿಯಲಿಲ್ಲ.

ಪೇಟೆಯಲ್ಲಿ ತರಕಾರಿ ಕೊಂಡೆ, ಬಾಣಂತಿಗೆ ಬೆಳ್ಳುಳ್ಳಿ ಆರಿಸಿದೆ, ಪರಿಚಯದವರೊಬ್ಬರು ಸಿಕ್ಕು ಕೂಸು ಯಾರಂತಿದೆ ಎಂದು ಕೇಳಿದರು, ನಿಂತು ವರದಿ ಒಪ್ಪಿಸಿದೆ. ಪೈಪು, ಮೋಟರು ರಿಪೇರಿಯ ಅಂಗಡಿಗೆ ಬರುವಷ್ಟರಲ್ಲಿ ಮುಕ್ಕಾಲು ಗಂಟೆ ದಾಟಿತ್ತು. ಅಂಗಡಿಯ ಭಾಯ್ ನಮ್ಮ ಬೋರಿನ ಮೋಟರು ಸುಟ್ಟಾಗ ಎರಡು ಸಲ ಹೊಸ ತಂತಿ ಸುತ್ತಿ ಕಟ್ಟಿಕೊಟ್ಟವರು. ಮಾತು ಕಡಿಮೆ. ಮುಚ್ಚಳ ಕೇಳಿದೆ. ಡಬ್ಬಿಯಲ್ಲಿ ಕೈಯಾಡಿಸಿ ಒಂದನ್ನು ನನ್ನ ಅಂಗೈಗೆ ಹಾಕಿದರು.

“ಯಾತಕ್ಕ ಬೇಕಿತ್ರಿ ಅಕ್ಕಾರ?”

ಹೇಳಿದೆ. ಬರೀ ಹೇಳಲಿಲ್ಲ, ಕೊಚ್ಚಿಕೊಂಡೆ. ಗೀಸರು ಸೋರುತ್ತಿದ್ದುದು, ಬೇವಿನ ಕಡ್ಡಿ, ದಾರ, ಕುಟ್ಟಾಣಿ, ಹತ್ತು ಹನ್ನೊಂದು ದಿನ ಒಂದು ಹನಿ ಬೀಳದಂತೆ ತಡೆದದ್ದು. ನಿಮ್ಮಂಥವರಿಗೂ ಇಷ್ಟು ಸುಲಭದ ಉಪಾಯ ಹೊಳೆಯುತ್ತಿರಲಿಲ್ಲ ಎಂದು ನಕ್ಕೆ. ಭಾಯ್ ನಗಲಿಲ್ಲ. ಅವರ ಕೈಯಲ್ಲಿದ್ದ ಇಕ್ಕಳ ಮೇಜಿನ ಮೇಲೆ ಕುಳಿತಿತು.

“ಥರ್ಮೋಸ್ಟಾಟ್ ಬರೋಬ್ಬರಿ ಕೆಲಸ ಮಾಡತೈತಲ್ರಿ?”

“ಅದನ್ನ ಡೈರೆಕ್ಟ್ ಮಾಡ್ಸೀವಿ, ಬಾಣಂತಿಗೆ ನೀರು ಬಿಸಿ ಸಾಲ್ತಿದ್ದಿಲ್ಲ.”

“ಈಗ ಗೀಸರ್ ಆನ್ ಐತೇನ್ರಿ?”

“ಮಗಳಿಗೆ ಆರಿಸು ಅಂತ ಹೇಳಿ ಬಂದೀನಿ.”

“ಆರಿಸ್ಯಾರೇನು ಕೇಳ್ರಿ. ಈಗ ಕೇಳ್ರಿ.”

ಆ ದನಿ ಕೇಳಿದ್ದೇ ಚೀಲ ಕೆಳಗಿಟ್ಟೆ. ಫೋನು ಹಚ್ಚಿದೆ. ರಿಂಗಾಗಿ ರಿಂಗಾಗಿ ನಿಂತಿತು. ಇನ್ನೊಮ್ಮೆ ಹಚ್ಚಿದೆ. ಕೂಸು ಬೆಚ್ಚುತ್ತದೆ ಎಂದು ಮಗಳು ಫೋನಿನ ಸದ್ದು ಅಡಗಿಸಿ ಇಟ್ಟಿರುತ್ತಾಳೆ. ಅದನ್ನು ಕಲಿಸಿದವಳೂ ನಾನೇ. ಅಜ್ಜಿಯ ಹತ್ತಿರ ಫೋನಿಲ್ಲ. ಎದುರು ಮನೆಯವರು ಬೆಳಿಗ್ಗೆಯೇ ಹೊಲಕ್ಕೆ ಹೋಗಿದ್ದರು. ಭಾಯ್ ಆಗಲೇ ಅಂಗಡಿಯಿಂದ ಇಳಿದು ಸ್ಕೂಟರು ತಿರುಗಿಸಿದ್ದರು.

“ಹತ್ರಿ ಅಕ್ಕಾರ.”

ತರಕಾರಿ ಚೀಲ ಅಲ್ಲೇ ಬಿಟ್ಟೆ. ಪರಗಂಡಸಿನ ಸ್ಕೂಟರು ಹತ್ತಿದ್ದು ಜೀವಮಾನದಲ್ಲಿ ಅದೇ ಮೊದಲು. ಯಾರು ನೋಡಿದರು, ಯಾರು ಬಿಟ್ಟರು, ಒಂದೂ ತಲೆಯಲ್ಲಿರಲಿಲ್ಲ.

ನಮ್ಮ ಬಡಾವಣೆಯ ರಸ್ತೆಯಲ್ಲಿ ಮೆಕ್ಕೆಜೋಳ ಒಣಹಾಕಿದ್ದರು. ಅರ್ಧ ರಸ್ತೆಯುದ್ದಕ್ಕೂ ಹಳದಿ ಕಾಳು. ಚಕ್ರ ಜಾರುತ್ತದೆಂದು ಭಾಯ್ ಕಾಲು ಊರಿಕೊಂಡು ನಿಧಾನ ಮಾಡಿದರು. ಹಿಂದೆ ಕುಳಿತ ನನಗೆ ಇಳಿದು ಓಡಿಬಿಡಲೇ ಅನಿಸಿತು.

“ಅಲ್ಲಿ ಹೋದ ಮ್ಯಾಲೆ ನಳ ಮುಟ್ಟಬ್ಯಾಡ್ರಿ” ಭಾಯ್ ಮುಂದೆ ನೋಡುತ್ತಲೇ ಹೇಳಿದರು. “ಮದ್ಲು ಮೇನ್ ಆಫ್ ಆಗ್ಬೇಕು. ಆಮ್ಯಾಲೆ ಎಲ್ಲಾರೂ ಹೊರಗ.”

“ನಳ ಬಿಟ್ರ ನೀರು ಹೋಗಿ ಹಗುರ ಆಗಂಗಿಲ್ಲೇನ್ರಿ?”

“ಒಳಗಿನ ನೀರು ಕುದಿಯೋ ಬಿಸಿ ದಾಟಿರತೈತಿ ಅಕ್ಕಾರ. ಹೊರಗ ಹೋಗಾಕ ದಾರಿ ಇಲ್ಲಂತ ನೀರಾಗೇ ಕುಂತಿರತೈತಿ. ನಳ ತಿರುವಿದ್ರ ಅದು ಉಗಿ ಆಗಿ ಹಾರತೈತಿ. ಕೆಳಗ ಯಾರಾರ ಇದ್ರ…”

ಗೀಸರಿನ ಕೆಳಗಿನ ನಳದ ಹತ್ತಿರ ಅಜ್ಜಿ ಕಾಲು ಚಾಚಿ ಕೂಡುತ್ತಾಳೆ. ಆ ಕಾಲುಗಳ ಮೇಲೆ ಕೂಸು ಬೋರಲು ಮಲಗಿರುತ್ತದೆ.

ಮನೆ ಬಾಗಿಲು ಅರ್ಧ ತೆರೆದಿತ್ತು. ಅಜ್ಜಿ ಬಂದಿದ್ದಾಳೆ ಎಂದು ಅದರಿಂದಲೇ ತಿಳಿಯಿತು. ಬಚ್ಚಲಿನಿಂದ ಅವಳ ಮಾತು ಕೇಳುತ್ತಿತ್ತು. ಅದರ ಜೊತೆಗೆ ಇನ್ನೊಂದು ಸದ್ದು, ತಗಡಿನ ಒಳಗೆ ಯಾರೋ ಉಗುರಿನಿಂದ ಕೆರೆಯುವಂಥದ್ದು, ನಡುನಡುವೆ ಗುರ್ ಎನ್ನುವಂಥದ್ದು. ಭಾಯ್ ಪಡಸಾಲೆಯಲ್ಲೇ ನಿಂತರು. ಬಾಣಂತಿ ಮೈಗೆ ಎಣ್ಣೆ ಹಚ್ಚಿಕೊಂಡು ಕುಳಿತ ಬಚ್ಚಲಿಗೆ ಗಂಡಸರು ಹೋಗುವಂತಿಲ್ಲ. ಅವರು ಮೀಟರ್ ಬೋರ್ಡಿನ ಕಡೆ ಕೈ ಹಾಕಿ, ನನಗೆ ಕಣ್ಣಿನಲ್ಲೇ ಒಳಗೆ ತೋರಿಸಿದರು.

ಒಳಗೆ ಹೋಗಬೇಕಾದವಳು ನಾನೊಬ್ಬಳೇ. ನಿಜ ಹೇಳುತ್ತೇನೆ, ಹೊಸ್ತಿಲಿನ ಹತ್ತಿರ ನನ್ನ ಕಾಲುಗಳು ನಿಂತುಬಿಟ್ಟವು. ಮಗಳು, ಮೊಮ್ಮಗ ಒಳಗಿದ್ದಾರೆಂದು ಗೊತ್ತಿದ್ದೂ ನಿಂತವು. ಎಷ್ಟು ಹೊತ್ತು ನಿಂತಿದ್ದೆನೋ, ಎರಡು ಉಸಿರಿನಷ್ಟಿರಬಹುದು. ಆ ಎರಡು ಉಸಿರನ್ನು ನಾನು ಯಾರಿಗೂ ಹೇಳಿಲ್ಲ, ಇಲ್ಲಿಯೇ ಮೊದಲು ಬರೆಯುತ್ತಿದ್ದೇನೆ.

ಬಾಗಿಲು ದೂಡಿದೆ. ಕೂಸು ಅಜ್ಜಿಯ ಕಾಲ ಮೇಲಿತ್ತು, ಬೆನ್ನೆಲ್ಲ ಎಣ್ಣೆ. ಮಗಳು ಮಣೆಯ ಮೇಲೆ ಕುಳಿತು ತೂಕಡಿಸುತ್ತಿದ್ದಳು. ಅಜ್ಜಿ ಬಿಸಿನೀರಿನ ನಳಕ್ಕೆ ಕೈ ಚಾಚಿ, ಸರಕ್ಕನೆ ಹಿಂದೆ ಎಳೆದುಕೊಂಡಳು.

“ಅಯ್ಯ, ಇವತ್ತು ನಳಾನ ಸುಡಾಕತ್ತೈತಿ ನೋಡಬೇ” ಎಂದು ಸೆರಗಿನ ತುದಿಯನ್ನು ಅಂಗೈಗೆ ಸುತ್ತಿಕೊಳ್ಳತೊಡಗಿದಳು, ಬಟ್ಟೆಯಿಂದ ಹಿಡಿದು ತಿರುವುವುದಕ್ಕೆ.

ಕೂಗಬೇಕೆಂದರೆ ದನಿ ಹೊರಡಲಿಲ್ಲ. ಬಾಗಿ ಅವಳ ಮಣಿಕಟ್ಟು ಹಿಡಿದು ಎಳೆದೆ. ಇನ್ನೊಂದು ಕೈಯಿಂದ ಕೂಸನ್ನು ಬಾಚಿಕೊಂಡೆ. ಎಣ್ಣೆಗೆ ಅದು ಮೀನಿನಂತೆ ಜಾರಿತು, ಎದೆಗೆ ಒತ್ತಿ ಹಿಡಿದೆ. ಅಷ್ಟರಲ್ಲಿ ದೀಪ ಆರಿತು. ಭಾಯ್ ಮೇನ್ ಇಳಿಸಿದ್ದರು. ಕತ್ತಲಾದ ಬಚ್ಚಲಿನಲ್ಲಿ ಆ ಕೆರೆತದ ಸದ್ದು ಮಾತ್ರ ನಿಲ್ಲಲಿಲ್ಲ.

“ಹೊರಗ ನಡೀರಿ, ಹೊರಗ!” ಈಗ ದನಿ ಬಂತು.

“ಹಸಿ ಬಾಣಂತಿನ ಗಾಳಿಗೆ ತರತಾರೇನು? ತಲಿ ಕೆಟ್ಟೈತೇನು ನಿನಗ?” ಅಜ್ಜಿ ಗದರಿದಳು.

ಮಗಳ ಮೈಗೆ ಸಿಕ್ಕ ಸೀರೆ ಸುತ್ತಿ ಎಳೆದುಕೊಂಡೇ ಬಂದೆ. ಭಾಯ್ ಮುಖ ತಿರುಗಿಸಿ ದಾರಿ ಬಿಟ್ಟರು. ಎದುರು ಮನೆಯ ಕಟ್ಟೆಯ ಮೇಲೆ ಹೋಗಿ ಕುಳಿತೆವು. ಕೂಸು ಕಿರುಚಿ ಅಳುತ್ತಿತ್ತು. ಆ ಅಳು ಕೇಳಿ ನನಗೆ ಜೀವ ಬಂತು.

ಬಚ್ಚಲಿನ ಕಿಟಕಿಯಿಂದ ಸಣ್ಣಗೆ ಉಗಿ ಬರುತ್ತಿತ್ತು. ಅದು ನಿಲ್ಲುವವರೆಗೆ ಯಾರೂ ಒಳಗೆ ಕಾಲಿಡಬಾರದು ಎಂದರು ಭಾಯ್. ಈಗ ಒಡೆಯುತ್ತದೆ, ಈಗ ಗೋಡೆ ಬೀಳುತ್ತದೆ ಎಂದು ನಾನು ಕೂಸಿನ ಕಿವಿ ಮುಚ್ಚಿಕೊಂಡೇ ಕುಳಿತಿದ್ದೆ. ಮಗಳು ಮಾತ್ರ ಕೇಳುತ್ತಲೇ ಇದ್ದಳು, ಏನಾಯಿತು, ಯಾಕಾಯಿತು ಎಂದು. ಮಾತು ಕಡಿಮೆಯ ಭಾಯ್ ಅವತ್ತು ಬಿಡಿಸಿ ಹೇಳಿದರು.

“ನಿಮ್ಮ ಮಾಳಿಗಿ ಮ್ಯಾಲಿನ ಟ್ಯಾಂಕು ಎಷ್ಟು ಎತ್ತರ ಐತೋ ಅಷ್ಟು ನೀರಿನ ಭಾರ ಕೆಳಗಿನ ಪೈಪಿನಾಗ ಇರತೈತಿ. ಟ್ಯಾಂಕು ದೊಡ್ಡದಾದ್ರ ಒತ್ತಡ ಹೆಚ್ಚಾಗಂಗಿಲ್ಲ, ಎತ್ತರಕ್ಕ ಇಟ್ರ ಹೆಚ್ಚಾಗತೈತಿ. ಅಷ್ಟು ಒತ್ತಡ ಗೀಸರಿಗೆ ಏನೂ ಅಲ್ಲ, ಹಗುರಾಗಿ ತಡಕೊಂತೈತಿ. ಆದ್ರ ನೀರು ಕಾದಂಗ ಉಬ್ಬತೈತಿ. ಹಂಡೇದಾಗಾದ್ರ ಮ್ಯಾಲೆ ಏರತೈತಿ, ಅದರ ಬಾಯಿ ತೆರದಿರತೈತಿ. ಗೀಸರ್ ಅಂದ್ರ ಬಾಯಿ ಮುಚ್ಚಿದ ಹಂಡೆ. ಬಿಸಿನೀರು ಟ್ಯಾಂಕಿಗೆ ವಾಪಸ್ ಹೋಗಬಾರದಂತ ಆ ಹಿತ್ತಾಳಿ ವಾಲ್ವಿನಾಗ ಒಂದು ಕದ ಮಾಡ್ಯಾರ. ಹಿಂದಕ್ಕ ಕದ, ಮುಂದಕ್ಕ ನಳ ಬಂದ್. ಉಬ್ಬಿದ್ದು ಎಲ್ಲಿ ಹೋಗ್ಬೇಕು? ಅದಕ್ಕ ಆ ಸಣ್ಣ ಬಾಯಿಲೆ ಹನಿ ಹನಿ ಹೊರಗ ಬಿಡತೈತಿ. ಹನಿ ಬಿತ್ತು ಅಂದ್ರ ಸೋರಾಕತ್ತೈತಿ ಅಂತಲ್ಲ, ಬರೋಬ್ಬರಿ ಐತಿ ಅಂತ. ಆ ಬಾಯಿಗೆ ಕಡ್ಡಿ ಕುಂತೈತಿ.”

“ಇವತ್ತು ಯಾಕ ಒಡೀಲಿಲ್ಲ?” ಮಗಳು ಕೇಳಿದಳು.

“ಕಡ್ಡಿ ಬಿಗಿಯಾಗಿ ಕುಂತಿಲ್ರವ್ವ. ಸಂದ್ಯಾಗ ಜಿನುಗಿ ಜಿನುಗಿ ಒತ್ತಡ ಒಂದೀಟು ಇಳದೈತಿ. ಹಿತ್ತಾಳಿ ಮುಚ್ಚಳ ಹಾಕಿದ್ರ…” ಎಂದು ಭಾಯ್ ನನ್ನ ಕಡೆ ನೋಡಿದರು.

ಮುಚ್ಚಳ ನನ್ನ ಎಡಗೈಯಲ್ಲೇ ಇತ್ತು. ಅಂಗಡಿಯಿಂದ ಅಲ್ಲಿಯವರೆಗೆ ಅದನ್ನು ಬಿಗಿಹಿಡಿದು ಅಂಗೈಯಲ್ಲಿ ಅದರ ಅಂಚಿನ ಗುರುತು ಮೂಡಿತ್ತು. ನನ್ನ ಕೆಲಸ ನೆಟ್ಟಗಾಗದೆ ಇದ್ದದ್ದಕ್ಕೆ ನನ್ನ ಮಗಳು ಬದುಕಿದ್ದಳು. ಒಂದು ದಿನ ಮೊದಲೇ ಈ ಮುಚ್ಚಳ ತಿರುಪಿದ್ದರೆ ಏನಾಗುತ್ತಿತ್ತೆಂದು ಯೋಚಿಸಲು ಹೋಗಿ, ಕಟ್ಟೆಯ ಆಚೆ ಹೋಗಿ ವಾಂತಿ ಮಾಡಿಕೊಂಡೆ.

ಬಾಯಿ ತೊಳೆದು ಬಂದಾಗ ಮಗಳು ಕೇಳುತ್ತಿದ್ದಳು: “ಆ ಬಾಯಿಗೆ ಕಡ್ಡಿ ಬಡದವರು ಯಾರು?”

ಭಾಯ್ ಸ್ಕೂಟರಿನ ಕೀಲಿ ನೋಡಿಕೊಂಡರು. ಹೇಳುವುದು ನನಗೇ ಬಿಟ್ಟದ್ದು ಎಂಬಂತೆ ಆ ಕಡೆ ತಿರುಗಿದರು. ಅಜ್ಜಿ ಯಾವ ಕಪಟವೂ ಇಲ್ಲದೆ, “ಹನಿ ನನ್ನ ಬೆನ್ನ ಮ್ಯಾಲೆ ಬೀಳತಿತ್ತವ್ವ. ಮದ್ಲ ದಿನಾನ ಹೇಳಿದ್ದೆ, ಸೋರಾಕತ್ತೈತಿ ಅಂತ” ಅಂದಳು. ಮಗಳು ಅಜ್ಜಿಯನ್ನು ತಿರುಗಿ ನೋಡಿದಳು. ಕಡ್ಡಿ ಅಜ್ಜಿಯ ಕೆಲಸ ಎಂದುಕೊಂಡಳೆಂದು ಆ ನೋಟದಿಂದಲೇ ನನಗೆ ಗೊತ್ತಾಯಿತು. ಬಾಯಿ ಬಿಡಲಿಲ್ಲ. ಗೀಸರಿಗೆ ಹೆದರಿದ್ದಕ್ಕಿಂತ ಹೆಚ್ಚು ಆ ಪ್ರಶ್ನೆಗೆ ಹೆದರಿದೆ.

ಸಂಜೆ ಭಾಯ್ ಬಂದು ಕಡ್ಡಿ ಕಿತ್ತರು. ಒಳಗೆ ನೀರು ಕಾಯಿಸುವ ಕಾಯಿಲಿನ ಮೇಲೆ ಆಗಲೇ ಬೋರಿನ ನೀರಿನ ಸುಣ್ಣದ ಪದರ ಕಟ್ಟಿತ್ತು. ಹೊಸ ವಾಲ್ವು, ಹೊಸ ಥರ್ಮೋಸ್ಟಾಟು ಬರುವವರೆಗೆ ಗೀಸರು ಬಂದ್. ಹಂಡೆ ಮತ್ತೆ ಒಲೆಯ ಮೇಲೆ ಕುಳಿತಿತು. ಅಜ್ಜಿ ಎಂದಿನಂತೆ ಬಂದು ನೀರೆರೆದಳು. ಮಗಳು ಮಾತ್ರ ಅವಳ ಕಾಲ ಮೇಲೆ ಕೂಸನ್ನು ಹಾಕುವಾಗ ಕೈ ಬಿಡದೆ ಹಿಡಿದುಕೊಂಡೇ ಇರುತ್ತಿದ್ದಳು. ಅಜ್ಜಿ ಅದನ್ನು ಕಂಡಳು. ಜೋರು ಬಾಯಿಯವಳು ಎರಡು ದಿನ ಬಚ್ಚಲಿನಲ್ಲಿ ತುಟಿ ಎರಡು ಮಾಡಲಿಲ್ಲ.

ಮೂರನೆಯ ದಿನ ಮಧ್ಯಾಹ್ನ, ಕೂಸು ನನ್ನ ತೊಡೆಯ ಮೇಲೆ ಮಲಗಿತ್ತು. ಮಗಳು ಪಕ್ಕದಲ್ಲಿ ಕುಳಿತು ಹೇಳಿದಳು:

“ಅವ್ವ, ನಾಳಿಂದ ಆ ಅಜ್ಜಿ ಬ್ಯಾಡ. ತಾನ ಕಡ್ಡಿ ಬಡದು, ಬಾಯಿ ಮುಚ್ಚಿಕೊಂಡು ಕುಂತಾಳ. ಅಂಥಾಕಿ ಕೈಯಾಗ ನನ್ನ ಕೂಸಿನ್ನ ಹೆಂಗ ಕೊಡ್ಲಿ ಹೇಳು?”

ಹೂಂ ಅಂದರೆ ಅಲ್ಲಿಗೆ ಮುಗಿಯುತ್ತಿತ್ತು. ಭಾಯ್ ಹೇಳುವವರಲ್ಲ. ಅಜ್ಜಿ ಇನ್ನೊಂದು ಮನೆ ನೋಡಿಕೊಳ್ಳುತ್ತಿದ್ದಳು, ಆದರೆ ಈ ಮಾತು ಅವಳಿಗಿಂತ ಮುಂಚೆ ಆ ಮನೆ ಮುಟ್ಟಿರುತ್ತಿತ್ತು.

“ಅಜ್ಜಿ ಅಲ್ಲವ್ವ. ನಾನು ಬಡದದ್ದು” ಅಂದೆ. “ಡೈರೆಕ್ಟ್ ಮಾಡ್ಸಿದಾಕಿನೂ ನಾನ.”

ಅವಳು ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಕೂಗಾಡಲಿಲ್ಲ. ನನ್ನ ಮುಖವನ್ನು ಯಾರದೋ ಮುಖ ನೋಡುವಂತೆ ನೋಡಿದಳು. ಆಮೇಲೆ ಬಾಗಿ, ಕೂಸಿನ ಕುತ್ತಿಗೆಯ ಕೆಳಗೆ ಕೈ ಕೊಟ್ಟು, ನಿದ್ದೆ ಕೆಡದಂತೆ ನನ್ನ ತೊಡೆಯಿಂದ ಎತ್ತಿಕೊಂಡಳು. ಗೋಡೆಯ ಕಡೆಗೆ ಮಲಗಿಸಿ, ಅದಕ್ಕೂ ನನಗೂ ನಡುವೆ ತಾನು ಮಲಗಿದಳು.

ತುಸು ಹೊತ್ತಿನ ಮೇಲೆ ಗೋಡೆಯ ಕಡೆ ಮುಖ ಮಾಡಿಕೊಂಡೇ, “ಅವ್ವ, ನನಗ ಹೆದರಿಕಿ ಆಗಾಕತ್ತೈತಿ” ಅಂದಳು.

ಚಿಕ್ಕವಳಿದ್ದಾಗಿನಿಂದ ಅವಳು ಹಾಗೆ ಅಂದಾಗಲೆಲ್ಲ ಹತ್ತಿರ ಎಳೆದುಕೊಂಡು ಬೆನ್ನು ಸವರುತ್ತಿದ್ದೆ. ಕೈ ಎತ್ತಿದೆ. ಅವಳ ಬೆನ್ನಿನವರೆಗೂ ಹೋಗಿ, ಮುಟ್ಟುವ ಧೈರ್ಯ ಬಾರದೆ ಹಿಂದೆ ತೆಗೆದುಕೊಂಡೆ.